ಕಂಡಕ್ಟರರ ಎರಡನೇ ಮನೆ

ಜನ ಅಂಗಡಿಗೆ ಹೋಗುವುದು ಏನಾದರೂ ಕೊಳ್ಳುವುದಕ್ಕೆ ಎಂಬುದು ಅಂಗಡಿಯವರ ತಪ್ಪು ತಿಳಿವಳಿಕೆ. ಬೆಲೆ ಕೇಳಿ ನಿಟ್ಟುಸಿರು ಬಿಡುವುದಕ್ಕೇ ಹೋಗುವವರಿದ್ದಾರೆ. ಬಿಟ್ಟಿ ಫ್ಯಾನಿನ ಗಾಳಿಗೆ ಹೋಗುವವರಿದ್ದಾರೆ. ಮನೆಯಲ್ಲಿ ತಮ್ಮ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲವೆಂದು, ಅಂಗಡಿಯವನ ಮೇಲೆ ಗದರಿ ಮೀಸೆ ತಿರುವಿಕೊಂಡು ಬರುವ ಮಹನೀಯರೂ ಇದ್ದಾರೆ. ನಮ್ಮ ಕಂಡಕ್ಟರರು ಹೋಗುತ್ತಿದ್ದದ್ದು ಕೂತುಕೊಳ್ಳುವುದಕ್ಕೆ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಊರಿನ ಸಮಸ್ತರಿಗೂ ಸೀಟು ಹುಡುಕಿಕೊಟ್ಟು ಅರ್ಧ ಆಯಸ್ಸು ಸವೆಸಿದ ಮನುಷ್ಯ. "ಅಜ್ಜಿಗೆ ಜಾಗ ಬಿಡಿ", "ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ", "ಒಳಗೆ ಹೋಗಿ, ಬಾಗಿಲ ಹತ್ರ ನಿಲ್ಬೇಡಿ" ಎಂದು ಕೂಗುತ್ತ, ತಲೆಯ ಮೇಲಿನ ಸರಳು ಹಿಡಿದು ನಿಂತು ನಿಂತು, ಅವರ ಬಲಗೈ ಎಡಗೈಗಿಂತ ಉದ್ದವಾಗಿಬಿಟ್ಟಿದೆಯೆಂದು ಹೊಲಿಗೆ ಬಲ್ಲ ಹೆಂಡತಿ ಟೇಪು ಹಿಡಿದು ತೋರಿಸುತ್ತಿದ್ದಳು. ಕಂಡಕ್ಟರನಿಗೆಂದು ಬಸ್ಸಿನಲ್ಲಿ ಒಂದು ಸೀಟಿರುವುದು ನಿಜ. ಅದರ ಮೇಲೆ ಸದಾ ಯಾರದೋ ಮೂಟೆ ಕೂತಿರುತ್ತದೆ.

ಮನೆಗೆ ಬಂದರೆ ಅಲ್ಲೂ ಅದೇ ಹಣೆಬರಹ. ಇದ್ದದ್ದು ಎರಡೇ ಕುರ್ಚಿ. ಒಂದು, ಹೆಂಡತಿಯ ತಂದೆಯದು. ಈ ಮಾವನವರು ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಮೂರು ಸಲ ಕೂಗುವ ಕೆಲಸದಲ್ಲಿದ್ದು, ನಿವೃತ್ತರಾಗಿ ಮಗಳ ಮನೆ ಸೇರಿದವರು. ಕೆಲಸ ಬಿಟ್ಟರೂ ಕೂಗು ಬಿಟ್ಟಿರಲಿಲ್ಲ. ಒಂದು ಲೋಟ ಟೀ ಬೇಕಾದರೂ ಮೂರು ಸಲ ಕೂಗುತ್ತಿದ್ದರು. ಅವರು ಬೆಳಿಗ್ಗೆ ಪೇಪರು ಓದುವ ರೀತಿ ಹೇಗಿತ್ತೆಂದರೆ, ಆ ಬೀದಿಯಲ್ಲಿ ಬೇರೆ ಯಾರೂ ಪೇಪರು ತರಿಸುತ್ತಿರಲಿಲ್ಲ.

ಎರಡನೆಯ ಕುರ್ಚಿಯ ಮೇಲೆ ಇಸ್ತ್ರಿ ಬಟ್ಟೆಯ ಗುಡ್ಡೆ. ಅದನ್ನು ಎತ್ತಿದರೆ ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಆ ಮನೆಯಲ್ಲಿ ಇದುವರೆಗೆ ಯಾರಿಗೂ ಉತ್ತರ ಹೊಳೆದಿರಲಿಲ್ಲ. ಹೆಂಡತಿಗೆ ಹೊಲಿಗೆ ಮೆಷಿನ್ನಿನ ಮುಂದೆ ಬೆನ್ನಿಲ್ಲದ ಒಂದು ಸ್ಟೂಲು. ಮೆಷಿನ್ನು ಬೆಳಗಿನಿಂದ ಕಟಕಟ ಎನ್ನುತ್ತಿತ್ತು. ಅದರ ಮೇಲೆ ಮಾವನವರ ಕೂಗು, ಕೂಗಿನ ಮೇಲೆ ಎದುರು ಮನೆಯ ಪೋಸ್ಟ್ ಮೇಡಂ ತರುವ ಸುದ್ದಿ. ಈ ಮೇಡಂ ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದರು, ಬಟವಾಡೆಯಿಂದಲ್ಲ. ಇವೆಲ್ಲದರ ನಡುವೆ ಕಂಡಕ್ಟರರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತಮ್ಮ ವಾರದ ರಜೆಯನ್ನು ಅನುಭವಿಸುತ್ತಿದ್ದರು.

ಅಂಗಡಿಗಳ ವಿಷಯದಲ್ಲಿ ಅವರಿಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. ಹೊಸ್ತಿಲು ದಾಟುವ ಮೊದಲೇ "ಏನ್ ಬೇಕು ಸಾರ್, ಏನ್ ಬೇಕು ಸಾರ್" ಎಂದು ಮೈಮೇಲೆ ಬೀಳುವ ಅಂಗಡಿ ಅವರಿಗೆ ಆಗದು. ಏನು ಬೇಕೆಂದು ಗೊತ್ತಿದ್ದರೆ ಮನುಷ್ಯ ಇಷ್ಟು ಹೊತ್ತಿಗೆ ಬದುಕಿನಲ್ಲಿ ಎಲ್ಲೋ ಇರುತ್ತಿದ್ದ. ಹಿಂದೆ ಹಿಂದೆಯೇ ನೆರಳಿನ ಹಾಗೆ ಬಂದು, ನೀವು ಮುಟ್ಟಿದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸುವ ಅಂಗಡಿಯೂ ಆಗದು. ಒಳ್ಳೆಯ ಅಂಗಡಿಯೆಂದರೆ ಒಳಗೆ ಬಂದವನನ್ನು ಮರೆತುಬಿಡಬೇಕು ಎಂಬುದು ಅವರ ಸಿದ್ಧಾಂತ. ಅಂಥದ್ದು ಅವರಿಗೆ ಸಿಕ್ಕಿತು.

ಒಂದು ಭಾನುವಾರ ಹೊಸ ಬೂಟು ಕಚ್ಚಿ, ಕುಂಟುತ್ತ ಹೋಗುವಾಗ ಕಣ್ಣಿಗೆ ಬಿದ್ದ ಮಂಚ, ಸೋಫಾ, ಬೀರುಗಳ ದೊಡ್ಡ ಅಂಗಡಿ ಅದು. ಮಾಲೀಕರು ಹಾಸಿಗೆ ವಿಭಾಗದಲ್ಲಿ ಸರಕಿನ ಗುಣಮಟ್ಟವನ್ನು ಖುದ್ದಾಗಿ ಪರೀಕ್ಷಿಸುತ್ತ ಗೊರಕೆ ಹೊಡೆಯುತ್ತಿದ್ದರು. "ಗಿರಾಕಿ ಅನ್ನೋನು ಬೆಕ್ಕಿದ್ದ ಹಾಗೆ. ಕರೆದ್ರೆ ಓಡ್ತಾನೆ, ಸುಮ್ನಿದ್ರೆ ತಾನಾಗೇ ಬಂದು ಕಾಲು ಸುತ್ಕೋತಾನೆ" ಎಂಬುದು ಅವರ ವ್ಯಾಪಾರ ಶಾಸ್ತ್ರ. ಈ ಶಾಸ್ತ್ರದ ಫಲವಾಗಿ ಅಂಗಡಿಯಲ್ಲಿ ನೊಣ ಹೊಡೆಯಲೂ ಜನರಿರಲಿಲ್ಲ. ಇದ್ದದ್ದು ಮೆಲ್ಲನೆ ಮಾತಾಡುವ ಒಬ್ಬ ಹೆಂಗಸು, ಅಂಗಡಿ ನೋಡಿಕೊಳ್ಳುವವರು. ಆಕೆ ತಲೆಯಾಡಿಸಿ ಒಳಗೆ ಬಿಟ್ಟರು, ಏನೂ ಕೇಳಲಿಲ್ಲ.

ಅಂಗಡಿಯ ಹಿಂಭಾಗದಲ್ಲಿ ಒಂದು ಮಾದರಿ ಮನೆ ಮಾಡಿಟ್ಟಿದ್ದರು. ನಿಜವಾದ ಗೋಡೆ, ಹೊಸ್ತಿಲು, ನೆಲಕ್ಕೆ ಜಮಖಾನ, ಹಿಂದಿನ ಓಣಿಯ ಕಡೆಗೆ ಪರದೆ ಹಾಕಿದ ಕಿಟಕಿ, ಕಿಟಕಿಯ ಪಕ್ಕದಲ್ಲಿ ಮೊಳೆ ಹೊಡೆದು ಮುಚ್ಚಿದ ಬಾಗಿಲು. ಕಪಾಟಿನಲ್ಲಿ ಬರೀ ಬೆನ್ನಿರುವ ಪುಸ್ತಕಗಳು. ಬಟ್ಟಲಲ್ಲಿ ಮರದ ಹಣ್ಣು. ಟೀವಿ ರಟ್ಟಿನದು, ಅದು ಮಾತಾಡುತ್ತಿರಲಿಲ್ಲ. ನಡುವೆ ಕಂದು ಬಣ್ಣದ ಒಂದು ಒರಗುವ ಕುರ್ಚಿ. ಕಂಡಕ್ಟರರು ಹೊಸ್ತಿಲಾಚೆ ಬೂಟು ಬಿಚ್ಚಿಟ್ಟು, ಒಳಗೆ ಹೋಗಿ, ಕೂತರು. ಕುರ್ಚಿ ಅವರನ್ನು ತಬ್ಬಿಕೊಂಡು ಹಿಂದಕ್ಕೆ ಒರಗಿಸಿತು. ಎಷ್ಟೋ ವರ್ಷಗಳ ಮೇಲೆ ಅವರ ಕಾಲಿಗೆ ತಾನು ಕಾಲೆಂಬುದು ಮರೆತುಹೋಯಿತು.

ಎದ್ದು ಹೋಗುವಾಗ ಆಕೆ ಬರೀ ಸೌಜನ್ಯಕ್ಕೆ ಕೇಳಿದರು, "ಮನೆಗೆ ನೋಡ್ತಾ ಇದೀರಾ ಸಾರ್?"

ಇಲ್ಲಿ ಕಂಡಕ್ಟರರು ಒಂದು ಸಣ್ಣ ತಪ್ಪು ಮಾಡಿದರು. "ಸುಮ್ಮನೆ ಕೂತಿದ್ದೆ" ಎನ್ನಬಹುದಾಗಿತ್ತು. ಆದರೆ ಅಷ್ಟು ಒಳ್ಳೆಯ ಕುರ್ಚಿಯಿಂದ ಎದ್ದ ಮನುಷ್ಯನಿಗೆ ಸ್ವಲ್ಪ ಗತ್ತು ಬಂದಿರುತ್ತದೆ.

"ಹೌದು. ಹೊಸ ಮನೆ ಕಟ್ಟಿಸ್ತಾ ಇದೀನಿ. ಪಾಯ ಆಗಿದೆ."

ಬಾಯಲ್ಲಿ ಕಟ್ಟುವ ಮನೆಗೆ ಸಿಮೆಂಟು ಬೇಡ, ಮೇಸ್ತ್ರಿಯೂ ಬೇಡ. ಅಂದಿನಿಂದ ಪ್ರತಿ ಭಾನುವಾರ ಮನೆಯಲ್ಲಿ "ಸಂಘದ ಸಭೆ" ಎಂದು ಹೇಳಿ ಹೊರಟು, ಅಂಗಡಿಯಲ್ಲಿ ಕೂತು, ಏಳುವಾಗ ಒಂದು ವರಸೆ ಇಟ್ಟಿಗೆ ಏರಿಸಿ ಬರುತ್ತಿದ್ದರು. ಗೋಡೆ ಎದ್ದಿತು. ಛಾವಣಿ ಬಿತ್ತು. ಆಕೆ ಆಸ್ಥೆಯಿಂದ ಕೇಳುತ್ತಿದ್ದದ್ದು ಎಷ್ಟು ಹಿತವಾಗಿತ್ತೆಂದರೆ, ಅವರು ಒಂದು ಮಹಡಿಯನ್ನು ಬೇಕಿಲ್ಲದಿದ್ದರೂ ಸೇರಿಸಿದರು. ಆಕೆ ತಂದುಕೊಡುವ ನೀರಿಗೆ ಎದ್ದು ಕೂತು "ಥ್ಯಾಂಕ್ಸ್ ಮೇಡಂ" ಎನ್ನುತ್ತಿದ್ದರು.

ಅವರಿಗಿದ್ದದ್ದು ಒಂದೇ ಚಿಂತೆ. ಅಂಗಡಿಯಲ್ಲಿರುವ ಕುರ್ಚಿ, ಇಂದಲ್ಲ ನಾಳೆ ಮಾರಾಟವಾಗುವ ಕುರ್ಚಿ. ಅಪರೂಪಕ್ಕೆ ಯಾರಾದರೂ ಗಿರಾಕಿ ಅತ್ತ ಬಂದರೆ ಕಂಡಕ್ಟರರು ಸೊಂಟ ಹಿಡಿದುಕೊಂಡು ಏಳುತ್ತಿದ್ದರು. "ಅಯ್ಯೋ, ಆ ಕುರ್ಚಿ ಬೇಡಿ ಸಾರ್, ಸೊಂಟ ಹಿಡಿಯತ್ತೆ. ನೋಡಿ ನನ್ ಗತಿ" ಎಂದು ಮುಖ ಕಿವಿಚುತ್ತಿದ್ದರು. ಗಿರಾಕಿ ಗಾಬರಿಯಾಗಿ ಮಂಚದ ಕಡೆ ಹೋಗುತ್ತಿದ್ದ. ಹೀಗೆ ಕುರ್ಚಿ ಉಳಿಯಿತು, ಭಾನುವಾರಗಳು ಉಳಿದವು.

ಕೆಟ್ಟದ್ದು ಒಂದು ಹಲ್ಲಿನಿಂದ.

ಪೋಸ್ಟ್ ಮೇಡಂ ದವಡೆ ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಆ ಹಿಂದಿನ ಓಣಿಯಲ್ಲಿ ಬರುತ್ತಿದ್ದರು. ಪಕ್ಕದಲ್ಲಿ ಕಿಟಕಿಯೊಂದಿದ್ದು ಅದರೊಳಗೆ ನೋಡದೆ ಮುಂದೆ ಹೋಗುವುದು ಅವರ ಜಾಯಮಾನಕ್ಕೆ ಒಗ್ಗಿದ್ದಲ್ಲ. ನೋಡಿದರು. ಪರದೆಯ ಸಂದಿಯಲ್ಲಿ ಒಂದು ಚೊಕ್ಕವಾದ ಮನೆ. ಹೊಸ್ತಿಲಾಚೆ ಜೋಡಿಸಿಟ್ಟ ಚಪ್ಪಲಿ. ಒರಗಿ ಕೂತ ಎದುರು ಮನೆ ಕಂಡಕ್ಟರರು, ಚಾಚಿದ ಕಾಲು. ಒಬ್ಬಾಕೆ ನಗುತ್ತ ನೀರು ತಂದುಕೊಟ್ಟರು. ಕಂಡಕ್ಟರರು ಏನೋ ಅಂದರು. ಮೇಡಂ ತುಟಿಯ ಚಲನೆಯಲ್ಲೇ ಅದನ್ನು ಓದಿಕೊಂಡರು.

ಜೀವಮಾನದ ಸುದ್ದಿ ಸಿಕ್ಕಿದ ದಿನವೇ ಬಾಯಿ ಮರಗಟ್ಟಿರಬೇಕೇ! ಓಡಿ ಬಂದು ಕಂಡಕ್ಟರರ ಮನೆಯ ನಡುಮನೆಯಲ್ಲಿ ನಿಂತ ಮೇಡಂ ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಮನೆಯ ಮಾಡು ಕಟ್ಟಿದರು. ಗೂಟದಲ್ಲಿದ್ದ ಕಂಡಕ್ಟರರ ಖಾಕಿ ಅಂಗಿ ತೋರಿಸಿದರು. ಲೋಟ ಹಿಡಿದವರಂತೆ ಬಳುಕುತ್ತ ನಾಲ್ಕು ಹೆಜ್ಜೆ ನಡೆದರು.

"ಮನೆ ಬಿದ್ದುಹೋಯ್ತಾ?" ಎಂದಳು ಹೆಂಡತಿ.

"ಕಳ್ಳತನ! ಕಳ್ಳತನ! ಕಳ್ಳತನ!" ಎಂದರು ಮಾವ.

ಮೇಡಂ ಸೈರಣೆ ಕಳೆದುಕೊಂಡು ಹತ್ತಿ ಕಿತ್ತು ಬಿಸಾಡಿದರು. "ನಿಮ್ಮ ಯಜಮಾನ್ರಿಗೆ ಇನ್ನೊಂದು ಮನೆ ಇದೆ ಕಣ್ರೀ! ಒಬ್ಬಳು ಇದಾಳೆ!"

ಮೆಷಿನ್ನು ನಿಂತಿತು.

"ಯಾರದೋ ಮನೆಗೆ ಹೋಗಿರ್ಬೇಕು ಬಿಡಿ" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆಯೆತ್ತದೆ.

"ಯಾರದೋ ಮನೇಲಿ ಕಾಲು ಚಾಚ್ಕೊಂಡು ಒರಗ್ತಾರಾ? ಚಪ್ಪಲಿ ಬಿಟ್ಟಿದ್ದು ನೋಡಿದೆ ನಾನು. ಬೇರೆಯವರ ಮನೇಲಾದ್ರೆ ಅಲ್ಲೊಂದು ಇಲ್ಲೊಂದು ಬಿದ್ದಿರತ್ತೆ. ಇದು ಜೋಡಿಸಿಟ್ಟಿದ್ದು! ಸ್ವಂತ ಮನೆ ಥರ! ಅದೂ ಹೋಗ್ಲಿ, ಆಕೆ ನೀರು ಕೊಟ್ರೆ ಇವರು ಥ್ಯಾಂಕ್ಸ್ ಅಂದ್ರು."

"ಥ್ಯಾಂಕ್ಸ್?" ಹೆಂಡತಿಯ ಕೈಯಿಂದ ಸೂಜಿ ಬಿತ್ತು. "ಇವರಾ?"

ಎರಡನೇ ಮನೆಯನ್ನಾದರೂ ಆಕೆ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಇಷ್ಟು ವರ್ಷ ಲೋಟಗಟ್ಟಲೆ, ಬಿಂದಿಗೆಗಟ್ಟಲೆ ನೀರು ಕೊಟ್ಟವಳಿಗೆ ಒಮ್ಮೆಯೂ ಸಿಗದ ಆ ಮಾತು ಇನ್ನೊಬ್ಬಳಿಗೆ ಸಿಕ್ಕಿತೆಂಬುದು ಎದೆಗೆ ನಾಟಿತು.

ಸಂಜೆ ಕಂಡಕ್ಟರರು ಹಗುರವಾದ ಕಾಲಿನಲ್ಲಿ ಮನೆಗೆ ಬಂದರು. ಮಾವನವರು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡು ಕೂತಿದ್ದರು. ವಿಚಾರಣೆ ಹೆಂಡತಿಯೇ ಸುರುಮಾಡಿದಳು.

"ಸಭೆ ಹೇಗಿತ್ತು?"

"ಚೆನ್ನಾಗಿತ್ತು."

"ಎಷ್ಟು ಜನ ಬಂದಿದ್ರು?"

"ನಾನೊಬ್ನೇ... ಅಂದ್ರೆ, ನಾನು ಹೋದಾಗ ಒಬ್ನೇ ಇದ್ದೆ. ಆಮೇಲೆ ಎಲ್ಲಾ ಬಂದ್ರು."

"ಏನು ತೀರ್ಮಾನ ಆಯ್ತು?"

"ಮುಂದಿನ ಭಾನುವಾರಾನೂ ಸೇರ್ಬೇಕು ಅಂತ."

"ಕೇಳಿಸ್ತಾ? ಕೇಳಿಸ್ತಾ? ಕೇಳಿಸ್ತಾ?" ಎಂದು ಮಾವ ಸೂರು ಹಾರುವಂತೆ ಕೂಗಿದರು. ಕಂಡಕ್ಟರರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹೆಂಡತಿ ಊಟಕ್ಕೆ ಬಡಿಸಿದಳು, ನೀರು ಮಾತ್ರ ಇಡಲಿಲ್ಲ. ಕಂಡಕ್ಟರರು ಎದ್ದು ತಾವೇ ಬಗ್ಗಿಸಿಕೊಂಡು ಕುಡಿದರು. ಅದನ್ನೂ ಪೋಸ್ಟ್ ಮೇಡಂ ತಮ್ಮ ಕಿಟಕಿಯಿಂದ ನೋಡಿದರು.

ಸುದ್ದಿಗೆ ಟಿಕೆಟ್ಟು ಬೇಡ. ಮಂಗಳವಾರದ ಹೊತ್ತಿಗೆ ಅದು ಬಸ್ಸು ಹತ್ತಿತು. ದಿನಾ ಬರುವ ಅಜ್ಜಿಯೊಬ್ಬರು "ನಿನ್ ಕೈಯಿಂದ ಟಿಕೆಟ್ ತಗೊಳಲ್ಲ ನಾನು" ಎಂದು ಡ್ರೈವರನ ಕೈಗೆ ಚಿಲ್ಲರೆ ಕೊಡಲು ಹೋದರು. ಇಬ್ಬರು ಗಂಡಸರು ಎದ್ದು ನಿಂತು ಕಂಡಕ್ಟರರಿಗೆ ತಮ್ಮ ಸೀಟು ಕೊಡಲು ಬಂದರು, ಏಕೆಂದು ಹೇಳಲಿಲ್ಲ. ಬುಧವಾರ ಡಿಪೋ ಮ್ಯಾನೇಜರು ಕರೆಸಿಕೊಂಡರು.

ಮ್ಯಾನೇಜರು ಬಾಗಿಲು ಮುಚ್ಚಿ, ಗಂಟಲು ಸರಿಮಾಡಿಕೊಂಡರು. "ನೋಡಪ್ಪ, ಎಲ್ಲಾ ನನ್ನ ಕಿವಿಗೆ ಬಿದ್ದಿದೆ. ಭಾನುವಾರ ಎಲ್ಲಿಗೆ ಹೋಗ್ತೀಯ ಅಂತ ಗೊತ್ತು."

ಕಂಡಕ್ಟರರಿಗೆ ಹೊಳೆದದ್ದು ಒಂದೇ. ಅಂಗಡಿಯ ಮಾಲೀಕರೇ ದೂರು ಕೊಟ್ಟಿರಬೇಕು! "ತಪ್ಪಾಯ್ತು ಸಾರ್."

"ಮನೇಲಿ ಗೊತ್ತಾ?"

"ಇಲ್ಲ ಸಾರ್. ಗೊತ್ತಾದ್ರೆ ಎಲ್ರೂ ಅಲ್ಲಿಗೇ ಬಂದ್ಬಿಡ್ತಾರೆ."

"ಬರ್ದೆ ಇರ್ತಾರಾ ಮತ್ತೆ!" ಮ್ಯಾನೇಜರು ಮೇಜಿನ ಮೇಲೆ ಬಾಗಿದರು. "ಅಲ್ಲಯ್ಯ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಅಲ್ಲಿ ಹೋಗಿ ಏನ್ ಮಾಡ್ತೀಯ?"

"ಕೂತ್ಕೋತೀನಿ ಸಾರ್."

"ಕೂತ್ಕೊಂಡು?"

"ಅಷ್ಟೇ ಸಾರ್."

"ಅಷ್ಟೇನಾ?"

"ಒಂದೊಂದ್ಸಲ ಕಾಲು ಚಾಚ್ತೀನಿ."

ಮ್ಯಾನೇಜರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಯಾರೂ ಮಾತಾಡ್ಸಲ್ವಾ?"

"ಇಲ್ಲ ಸಾರ್. ಒಂದು ಸದ್ದಿಲ್ಲ. ಗಡಿಯಾರ ಕೂಡ ನಿಂತಿದೆ."

ಮ್ಯಾನೇಜರ ಮನೆಯಲ್ಲಿ ಅವರ ತಾಯಿ, ಅತ್ತೆ, ಮದುವೆಗೆ ಬಂದು ಉಳಿದುಕೊಂಡ ಭಾವಮೈದ ಮತ್ತು ಅವನ ಡೋಲು ಇದ್ದವೆಂಬುದು ಡಿಪೋಗೆಲ್ಲ ಗೊತ್ತಿದ್ದ ವಿಚಾರ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗು. ನಾನು ಕರೆಸಿದ್ದೆ ಅಂತ ಯಾರಿಗೂ ಹೇಳ್ಬೇಡ" ಎಂದ ಅವರ ದನಿಯಲ್ಲಿ ಶಿಸ್ತುಕ್ರಮಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಮುಂದಿನ ಭಾನುವಾರ ಕಂಡಕ್ಟರರು "ಸಭೆ" ಎಂದು ಹೊರಟರು. ಅವರ ಹಿಂದೆ ಒಂದು ತಿರುವಿನ ಅಂತರ ಬಿಟ್ಟು ಹೆಂಡತಿ, ಮಾವ, ಪೋಸ್ಟ್ ಮೇಡಂ ಹೊರಟರು. ಮೇಡಂ ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ಕಿಟಕಿ ತೋರಿಸಿದರು. ಪರದೆಯ ಸಂದಿಯಲ್ಲಿ ಆ ಪರಿಚಿತ ಕಾಲು ಚಾಚಿಕೊಂಡಿತ್ತು.

ಮಾವನವರು ಕೋರ್ಟಿನ ಕಾಲದಂತೆ ಎದೆ ಸೆಟೆಸಿ ನಿಂತರು. "ಅಳಿಯಾ! ಅಳಿಯಾ! ಅಳಿಯಾ!"

ಓಣಿಯ ಕಿಟಕಿಗಳೆಲ್ಲ ತೆರೆದವು. ಹಲ್ಲಿನ ಡಾಕ್ಟರು ಇಕ್ಕಳದ ಸಮೇತ ಹೊರಗೆ ಬಂದರು, ಅವರ ಹಿಂದೆ ಬಾಯಿ ತೆರೆದ ರೋಗಿ. ಒಳಗೆ ಕಂಡಕ್ಟರರು ಇದು ಕೆಟ್ಟ ಕನಸೆಂದು ತೀರ್ಮಾನಿಸಿ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು. ಮಾದರಿ ಮನೆಯ ಕಿಟಕಿ ತೆರೆದು ಇಣುಕಿದವರು ಅಂಗಡಿಯ ಹೆಂಗಸು.

"ಯಾರು ಬೇಕಾಗಿತ್ತು?"

"ಒಳಗೆ ಒರಗಿದಾರಲ್ಲ, ಅವರು" ಎಂದಳು ಹೆಂಡತಿ. "ಅವರ ಹೆಂಡತಿ ನಾನು."

ಅಂಗಡಿಯಾಕೆಯ ಮುಖ ಅರಳಿತು. "ಅಯ್ಯೋ, ನೀವೇನಾ! ಬನ್ನಿ ಬನ್ನಿ. ಸಾರ್ ಎಲ್ಲಾ ಹೇಳಿದಾರೆ, ಹೊಸ ಮನೆ ವಿಷಯ. ಮೇಲಿನ ಮಹಡೀನೂ ಆಯ್ತಂತಲ್ಲ?"

"ಮಹಡಿ?" ಎಂದಳು ಹೆಂಡತಿ.

"ಮಹಡಿ! ಮಹಡಿ! ಮಹಡಿ!" ಎಂದರು ಮಾವ.

"ಇದೊಂದೇ ಅಂತ ನಾನು ತಿಳ್ಕೊಂಡಿದ್ದೆ" ಎಂದು ಪೋಸ್ಟ್ ಮೇಡಂ ಗೋಡೆ ಹಿಡಿದುಕೊಂಡರು. "ಮೂರನೇದೂ ಕಟ್ಟಿಸಿದಾರೆ!"

"ಈ ಬಾಗಿಲು ತೆಗೆಯಲ್ಲ, ಮುಂದ್ಗಡೆಯಿಂದ ಬನ್ನಿ" ಎಂದು ಆಕೆ ಅಕ್ಕರೆಯಿಂದ ಕರೆದರು. ಸಿಟ್ಟಿಗೆ ಕಣ್ಣಿಲ್ಲ ಎನ್ನುವುದು ಸುಳ್ಳಲ್ಲ. ಆ ಮೂವರೂ ಇಡೀ ಅಂಗಡಿಯನ್ನು ಹಾದು, ಸಾಲುಸಾಲು ಮಂಚ, ಗೋಡೆಯುದ್ದ ಬೀರು, ಗೊರಕೆ ಹೊಡೆಯುವ ಮಾಲೀಕರು ಎಲ್ಲವನ್ನೂ ದಾಟಿ ಬಂದರೂ ಅದು ಅಂಗಡಿಯೆಂದು ಅವರಿಗೆ ಹೊಳೆಯಲಿಲ್ಲ. "ಎಷ್ಟೊಂದು ಮಂಚ ಹಾಕಿಸ್ಕೊಂಡಿದಾರೆ ನೋಡಿ" ಎಂದು ಮಾತ್ರ ಮೇಡಂ ಅಂದರು.

ಕಂಡಕ್ಟರರು ಕಣ್ಣು ಬಿಟ್ಟಾಗ ಸಂಸಾರವೇ ಎದುರು ನಿಂತಿತ್ತು.

"ಇದೇನಾ ನಿಮ್ ಸಭೆ?" ಎಂದಳು ಹೆಂಡತಿ.

"ಕೋರಂ ಇರ್ಲಿಲ್ಲ..." ಎಂದರು ಕಂಡಕ್ಟರರು, ನಾಲಿಗೆ ತಾನಾಗಿ ಆಡಿದ್ದು ಅಷ್ಟೇ.

ಮಾವನವರು ಸಾಕ್ಷ್ಯ ಸಂಗ್ರಹಕ್ಕೆ ಇಳಿದರು. ಕಪಾಟಿನಿಂದ ಒಂದು ಪುಸ್ತಕ ಎಳೆದರು, ಇಡೀ ಸಾಲು ಹಲಗೆಯ ಸಮೇತ ಕೈಗೆ ಬಂತು. ಟೀವಿಯ ಕಿವಿ ತಿರುಚಿದರು, ಅದು ಮಡಚಿಕೊಂಡು ಬಿತ್ತು. ಸಿಟ್ಟಿಗೆ ಬಟ್ಟಲಿನ ಹಣ್ಣೊಂದನ್ನು ಕಚ್ಚಿ, ದವಡೆ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದರು. ಹೊರಗೆ ನಿಂತಿದ್ದ ಹಲ್ಲಿನ ಡಾಕ್ಟರು ಅವರಿಗೆ ಗೌರವದಿಂದ ತಲೆ ಬಾಗಿಸಿದರು. "ಈ ಮನೇಲಿ ಯಾವುದೂ ನಿಜ ಅಲ್ಲ!" ಎಂದು ಮಾವ ಒಂದೇ ಸಲ ಕೂಗಿದರು. ಹಲ್ಲು ನೋವಿಗೆ ಉಳಿದೆರಡು ಸಲ ಸಾಧ್ಯವಾಗಲಿಲ್ಲ.

"ಅಂಗಡೀಲಿ ಯಾವುದು ನಿಜ ಇರತ್ತೆ ಸಾರ್?" ಎಂದರು ಆಕೆ ಮೆಲ್ಲನೆ.

ಅಂಗಡಿ ಎಂಬ ಮಾತು ಕೋಣೆಯಲ್ಲಿ ಒಂದು ಸುತ್ತು ಬಂದು ಕೊನೆಗೆ ಹೆಂಡತಿಯ ಕಿವಿ ಹೊಕ್ಕಿತು. ಆಕೆ ಸುತ್ತ ನೋಡಿದಳು. ಸೋಫಾದ ತೋಳಿನಿಂದ ಬೆಲೆಚೀಟಿ ನೇತಾಡುತ್ತಿತ್ತು. ದೀಪಕ್ಕೂ ಬೆಲೆಚೀಟಿ. ಗಂಡನ ತಲೆಯ ಹಿಂದೆಯೂ ಒಂದು ಬೆಲೆಚೀಟಿ.

"ಅಂಗಡಿ ಆದ್ರೆ ಇಲ್ಲಿ ಯಾಕೆ ಬರ್ತೀರಿ? ನಿಜ ಹೇಳಿ."

"ಕೂತ್ಕೊಳ್ಳೋಕೆ."

"ಸುಳ್ಳು!" ಎಂದರು ಪೋಸ್ಟ್ ಮೇಡಂ. ಎರಡನೇ ಹೆಂಡತಿಯನ್ನು ತಕ್ಷಣ ನಂಬಿದವರಿಗೆ, ಮೂರನೇ ಮನೆಯನ್ನೂ ನಂಬಿದವರಿಗೆ, ಇದನ್ನು ಮಾತ್ರ ನಂಬಲಾಗಲಿಲ್ಲ. ಕಿಟಕಿಯಾಚೆ ಸೇರಿದ್ದ ಜನವೂ ತಲೆಯಾಡಿಸಿತು.

"ಕೂತ್ಕೊಳ್ಳೋಕೆ ಮನೇಲಿ ಕುರ್ಚಿ ಇಲ್ವಾ?" ಎಂದು ಹೆಂಡತಿ ದನಿಯೇರಿಸಿದವಳು, ಅರ್ಧಕ್ಕೇ ನಿಂತಳು. ಮನೆ ಅವಳ ಕಣ್ಣ ಮುಂದೆ ಬಂದಿರಬೇಕು. ಒಂದು ಕುರ್ಚಿ ಅಪ್ಪನದು. ಇನ್ನೊಂದು ಇಸ್ತ್ರಿ ಬಟ್ಟೆಯದು. ಗಂಡ ಎಲ್ಲಿ ಕೂರುತ್ತಿದ್ದರು? ನೆನಪಾಗಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಅವರ ಭುಜದ ಎತ್ತರಕ್ಕೆ ಬಣ್ಣ ಸವೆದಿದ್ದ ಜಾಗ ನೆನಪಾಯಿತು.

ಅವಳಿಗೆ ಅಳು ಬಂತು. ಸಿಟ್ಟಿನ ಅಳುವಲ್ಲ. "ನಂಗೊಂದ್ ಮಾತು ಹೇಳ್ಬಾರ್ದಿತ್ತಾ? ನಾನೂ ಬರ್ತಿದ್ದೆನಲ್ಲ. ಆ ಸ್ಟೂಲಿಗೆ ಬೆನ್ನಿಲ್ಲ, ನನಗಾದ್ರೂ ಬೆನ್ನಿಲ್ವಾ?"

ಕಂಡಕ್ಟರರಿಗೆ ನಾಚಿಕೆಯಾಯಿತು. ಇಡೀ ಊರಿಗೆ ಸೀಟು ಹುಡುಕಿದ ಮನುಷ್ಯನಿಗೆ ಈ ಒಬ್ಬಳು ಕಂಡಿರಲಿಲ್ಲ. ಎದ್ದರು. "ಕೂತ್ಕೋ" ಎಂದರು.

ಅವಳು ಚಪ್ಪಲಿ ಬಿಚ್ಚಿ ಹೊಸ್ತಿಲಾಚೆ ಇಟ್ಟು ಬಂದು ಕೂತಳು. ಕುರ್ಚಿ ಅವಳನ್ನೂ ತಬ್ಬಿ ಹಿಂದಕ್ಕೆ ಒರಗಿಸಿತು. "ಆಮೇಲೆ ಆ ಥ್ಯಾಂಕ್ಸ್ ವಿಷಯ..." ಎಂದು ಬೆರಳೆತ್ತಿ ಸುರುಮಾಡಿದಳು. ಬೆರಳು ಎತ್ತಿದಂತೆಯೇ ನಿದ್ದೆ ಹೋದಳು.

ಕಿಟಕಿಯಾಚೆ ಉಸಿರು ಬಿಗಿಹಿಡಿದು ನಿಂತಿದ್ದ ಜನಕ್ಕೆ ಇದು ಪವಾಡದಂತೆ ಕಂಡಿತು. "ಎಂಥಾ ಕುರ್ಚಿ ಮಾರಾಯ!" ಎಂದನೊಬ್ಬ. "ಜಗಳದ ಮಧ್ಯದಲ್ಲೇ ಮಲಗಿಸ್ಬಿಡ್ತು! ಅದೂ ಸಾಕ್ಷಾತ್ ಹೆಂಡತೀನ!" ಹಲ್ಲಿನ ಡಾಕ್ಟರು ತಮಗೆ ಒಂದು ಬೇಕೆಂದರು. ಇನ್ನೊಬ್ಬರು ತಮ್ಮ ಅತ್ತೆಗೆ ಬೇಕೆಂದರು. ಮತ್ತೊಬ್ಬರು, ಪರೀಕ್ಷೆಗೆ ತಮ್ಮ ಅತ್ತೆಯನ್ನು ಈಗಲೇ ಕರೆತರುವುದಾಗಿ ಓಡಿದರು. ಒಂದು ಗಳಿಗೆಯಲ್ಲಿ ಓಣಿ ಇಡೀ ತಿರುಗಿ ಮುಂಬಾಗಿಲಿಗೆ ಬಂತು.

ಬಾಗಿಲಲ್ಲಿ ನೂಕುನುಗ್ಗಲು ಕಂಡದ್ದೇ ತಡ, ಕಂಡಕ್ಟರರ ರಕ್ತ ತನ್ನ ಕೆಲಸ ಮಾಡಿತು. ಜೇಬಿನಿಂದ ಸೀಟಿ ಬಾಯಿಗೆ ಬಂತು. "ಒಳಗೆ ಹೋಗಿ, ಬಾಗಿಲ ಹತ್ರ ನಿಲ್ಬೇಡಿ! ಮಂಚದವರು ಎಡಕ್ಕೆ, ಕುರ್ಚಿಯವರು ಹಿಂದಕ್ಕೆ! ಅಜ್ಜಿಗೆ ಜಾಗ ಬಿಡಿ!" ತನ್ನ ಭಾನುವಾರಗಳನ್ನು ತಾನೇ ಸೀಟಿ ಊದಿ ಜನಕ್ಕೆ ಹಂಚುತ್ತಿದ್ದೇನೆಂಬುದು ಅವರಿಗೆ ಆಗ ಹೊಳೆಯಲಿಲ್ಲ. ಹೊಳೆದಾಗ ಕೊನೆಯ ಅಸ್ತ್ರ ಬಿಟ್ಟು, ಸೊಂಟ ಹಿಡಿದುಕೊಂಡು "ಆ ಕುರ್ಚಿ ಬೇಡಿ ಸಾರ್, ಸೊಂಟ ಹಿಡಿಯತ್ತೆ" ಎಂದು ಒಬ್ಬೊಬ್ಬರಿಗೂ ಹೇಳಿದರು. "ನಿಮ್ಮನೆಯವರು ಹೇಗೆ ಮಲಗಿದಾರೆ ಮತ್ತೆ?" ಎಂದು ಜನ ಅವರನ್ನು ಸರಿಸಿ ಮುಂದೆ ಹೋದರು.

ಗದ್ದಲಕ್ಕೆ ಮಾಲೀಕರು ಎದ್ದುಬಂದರು. ಅಂಗಡಿಯಲ್ಲಿ ಗಿರಾಕಿಗಳನ್ನು ಕಂಡು ಮೊದಲು ಹೆದರಿದರು, ಆಮೇಲೆ ಸಂಗತಿ ತಿಳಿದುಕೊಂಡರು. ನಿದ್ದೆಯವರಾದರೂ ದಡ್ಡರಲ್ಲ. ಹೆಂಡತಿ ಎಚ್ಚರವಾಗಿ ಕಣ್ಣುಜ್ಜುತ್ತಿರುವಾಗಲೇ ಎದುರು ಕೈಮುಗಿದು ನಿಂತಿದ್ದರು.

"ತಾಯಿ, ಪ್ರತಿ ಭಾನುವಾರ ಬಂದು ಹೀಗೇ ಮಲಗ್ಬೇಕು. ನಿಮ್ಮ ತಂದೆಯವರು ಪಕ್ಕದಲ್ಲಿ ನಿಂತು ಕೂಗ್ಬೇಕು. ಗಲಾಟೆ ಇಲ್ದೆ ನಿದ್ದೆ ಮಾಡಿದ್ರೆ ಅದ್ರಲ್ಲೇನು ವಿಶೇಷ? ಕಿಟಕಿ ಪರದೆ ತೆಗೆಸ್ತೀನಿ."

"ನಾನು?" ಎಂದರು ಪೋಸ್ಟ್ ಮೇಡಂ.

"ನೀವು ಓಣೀಲಿ ನಿಂತು ಬಂದೋರಿಗೆಲ್ಲ ಏನಾಯ್ತು ಅಂತ ಹೇಳಿ."

ಮೇಡಂ ಅದನ್ನು ಬಿಟ್ಟಿಯಾಗಿಯೂ ಮಾಡುತ್ತಿದ್ದರು. ಮಾವನವರ ಕಣ್ಣಲ್ಲಿ ನೀರಾಡಿತು. ನಿವೃತ್ತರಾದ ಮೇಲೆ, ಕೂಗಿ ಎಂದು ಅವರನ್ನು ಕೇಳಿಕೊಂಡ ಮೊದಲ ಮನುಷ್ಯ ಈ ಮಾಲೀಕರು.

"ನಾನು?" ಎಂದು ಕಂಡಕ್ಟರರೂ ಕೇಳಿದರು.

ಮಾಲೀಕರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಬೇಡ ಸ್ವಾಮಿ. ಸೊಂಟದ ವಿಷಯ ಹೇಳಿ ಇಷ್ಟು ದಿನ ನಂಗೆ ಗಿರಾಕಿ ತಪ್ಪಿಸಿದೋರು ನೀವೇ ಅಂತ ಈಗ ತಿಳೀತು."

ಅದರ ಮುಂದಿನ ಭಾನುವಾರ ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು, ಗಂಡ ತಂದುಕೊಟ್ಟ ನೀರು ಕುಡಿದು "ಥ್ಯಾಂಕ್ಸ್" ಎಂದು ಬೇಕೆಂದೇ ಜೋರಾಗಿ ಹೇಳಿ, ತಂದೆಯನ್ನು ಕರೆದುಕೊಂಡು ನಿದ್ದೆಗೆ ಹೊರಟಳು. ಪೋಸ್ಟ್ ಮೇಡಂ ಆಗಲೇ ಓಣಿಯಲ್ಲಿದ್ದರು. ಕಂಡಕ್ಟರರು ಎಂದಿನಂತೆ ಬಾಗಿಲ ಚೌಕಟ್ಟಿಗೆ ಒರಗಿ, ಹೋಗುವವರನ್ನು ನೋಡುತ್ತ, ತಮ್ಮ ಕಳೆದುಹೋದ ಕುರ್ಚಿಗಾಗಿ ಮನಸಾರೆ ದುಃಖಪಟ್ಟರು.

ಆಮೇಲೆ ಏನೋ ಸರಿಯಿಲ್ಲವೆನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಯಲ್ಲಿ ಸದ್ದಿರಲಿಲ್ಲ.

ಮೆಷಿನ್ನು ಸುಮ್ಮನಿತ್ತು. ಕೂಗಿರಲಿಲ್ಲ. ಎದುರು ಮನೆಯ ಕಿಟಕಿ ಮುಚ್ಚಿತ್ತು. ಕಂಡಕ್ಟರರು ಕಳ್ಳನಂತೆ ನಡುಮನೆಗೆ ಬಂದು, ಮಾವನವರ ಕುರ್ಚಿ ನೋಡಿದರು. ಧೈರ್ಯ ಸಾಲಲಿಲ್ಲ. ಇಸ್ತ್ರಿ ಬಟ್ಟೆಯ ಗುಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಎಲ್ಲಿಡುವುದೆಂದು ಸುತ್ತ ನೋಡಿ, ಹೆಂಡತಿಯ ಸ್ಟೂಲಿನ ಮೇಲಿಟ್ಟರು. ಇಷ್ಟೇ ಇತ್ತು ಉತ್ತರ! ಚಪ್ಪಲಿಯನ್ನು ಬಾಗಿಲಾಚೆ ಜೋಡಿಸಿಟ್ಟು ಬಂದು, ತಮ್ಮ ಸ್ವಂತ ಮನೆಯ ಕುರ್ಚಿಯಲ್ಲಿ ಕೂತರು. ಕಾ...ಲು ಚಾಚಿದರು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಬಾಗಿಲು ಬಡಿದ ಸದ್ದಾಯಿತು.

ಡಿಪೋ ಮ್ಯಾನೇಜರು ನಿಂತಿದ್ದರು. ಕಂಕುಳಲ್ಲಿ ಪೇಪರು. ತಮ್ಮ ಚಪ್ಪಲಿಯನ್ನು ಕಂಡಕ್ಟರರ ಚಪ್ಪಲಿಯ ಪಕ್ಕದಲ್ಲಿ ಆಗಲೇ ಜೋಡಿಸಿಟ್ಟಿದ್ದರು. ಅವರ ಹಿಂದೆ ಬಸ್ಸಿನ ಡ್ರೈವರು.

"ಮನೇಲಿ ಯಾರೂ ಇಲ್ವಂತೆ?" ಎಂದು ಮ್ಯಾನೇಜರು ಪಿಸುಗುಟ್ಟಿದರು. "ಸದ್ದೇ ಇಲ್ವಂತೆ? ಒಂದ್ ಸ್ವಲ್ಪ ಹೊತ್ತು ಕೂತ್ಕೊಂಡು ಹೋಗ್ತೀವಿ. ನಮ್ಮನ್ನ ಮಾತಾಡಿಸ್ಬೇಡ."

ಇಲ್ಲವೆನ್ನಬೇಕೆಂದು ಕಂಡಕ್ಟರರು ಬಾಯಿ ತೆರೆದರು. ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಬಾಗಿಲಲ್ಲಿ ನಿಂತವರಿಗೆ ಹೇಳಲು ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು.

"ಒಳಗೆ ಹೋಗಿ, ಬಾಗಿಲ ಹತ್ರ ನಿಲ್ಬೇಡಿ."

ಡ್ರೈವರು ಹೋಗಿ ಮಾವನವರ ಕುರ್ಚಿ ಹಿಡಿದ. ಮ್ಯಾನೇಜರು ಇನ್ನೂ ಬಿಸಿಯಾರದ ಎರಡನೆಯ ಕುರ್ಚಿಯ ಕಡೆ ನಡೆದರು.

"ಅದು ಬೇಡಿ ಸಾರ್" ಎಂದರು ಕಂಡಕ್ಟರರು, ಸೊಂಟ ಹಿಡಿದುಕೊಂಡು. "ಸೊಂಟ ಹಿಡಿಯತ್ತೆ."

"ಪರವಾಗಿಲ್ಲ ಬಿಡು" ಎಂದರು ಮ್ಯಾನೇಜರು, ಆಗಲೇ ಕಣ್ಣು ಮುಚ್ಚಿ.

ಸ್ಟೂಲಿನ ಮೇಲೆ ಇಸ್ತ್ರಿ ಬಟ್ಟೆ ಕೂತಿತ್ತು. ಮನೆ ಗಾಳಿ ಸುಳಿಯದಷ್ಟು ಶಾಂತವಾಗಿತ್ತು. ಕಂಡಕ್ಟರರು ನಡುಮನೆಯ ಮಧ್ಯದಲ್ಲಿ ನಿಂತು, ಅತ್ತ ಇತ್ತ ನೋಡಿ, ತಲೆಯ ಮೇಲೆ ಬಟ್ಟೆ ಒಣಹಾಕುವ ತಂತಿಯನ್ನು ತಮ್ಮ ಉದ್ದನೆಯ ಬಲಗೈಯಿಂದ ಹಿಡಿದುಕೊಂಡರು.